ಅಮೆರಿಕದ ಸಾಮಾಜಿಕ ಬದಲಾವಣೆ: ಮೂಲ ಆಕರಗಳ ಬೆಳಕಿನಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಗುಲಾಮಗಿರಿ ಕೊನೆಗೊಂಡದ್ದು, ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ್ದು, ಮಕ್ಕಳ ದುಡಿಮೆಗೆ ಕಡಿವಾಣ ಬಿದ್ದದ್ದು, ಏಷ್ಯಾದವರಿಗೆ ಮುಚ್ಚಿದ್ದ ಬಾಗಿಲು ತೆರೆದದ್ದು, ವರ್ಣಭೇದದ ಕಾಯ್ದೆಗಳು ಬಿದ್ದುಹೋದದ್ದು ಇವೆಲ್ಲ ಪಠ್ಯಪುಸ್ತಕಗಳಲ್ಲಿ ಒಂದೊಂದು ಇಸವಿಯಾಗಿ ಮುಗಿದುಹೋಗುತ್ತವೆ. ಆ ಇಸವಿಗಳ ಹಿಂದೆ ಕಾಗದಗಳ ರಾಶಿಯೇ ಇದೆ. ಘಟನೆಯಲ್ಲಿ ಪಾಲ್ಗೊಂಡವರು ಅಥವಾ ಅದನ್ನು ಕಣ್ಣಾರೆ ಕಂಡವರು ಬಿಟ್ಟುಹೋದ ಪತ್ರ, ಅರ್ಜಿ, ಪತ್ರಿಕಾ ಜಾಹೀರಾತು, ಜನಗಣತಿಯ ಹಾಳೆ, ಕೋರ್ಟಿನ ಕಡತ, ಛಾಯಾಚಿತ್ರ, ಧ್ವನಿಮುದ್ರಣಗಳನ್ನು ಮೂಲ ಆಕರ ಅಥವಾ ಪ್ರಾಥಮಿಕ ಆಕರ ಎನ್ನುತ್ತಾರೆ. ಅಮೆರಿಕದ ಮಟ್ಟಿಗೆ ಇವು ಹೇರಳ. ಹೊಸ ದೇಶ ಮೊದಲಿನಿಂದಲೂ ಎಣಿಸುವ, ಬರೆದಿಡುವ, ಅಚ್ಚು ಹಾಕಿಸುವ ಅಭ್ಯಾಸದ್ದು. 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆದಿದೆ. 1800ರಲ್ಲಿ ಸ್ಥಾಪನೆಯಾದ ಲೈಬ್ರರಿ ಆಫ್ ಕಾಂಗ್ರೆಸ್, 1934ರಲ್ಲಿ ಹುಟ್ಟಿದ ರಾಷ್ಟ್ರೀಯ ಪತ್ರಾಗಾರ, ಜೊತೆಗೆ ವಿಶ್ವವಿದ್ಯಾಲಯಗಳು, ಇತಿಹಾಸ ಸಂಘಗಳು, ಚರ್ಚುಗಳು ಇವನ್ನು ಕಾಪಾಡಿಕೊಂಡು ಬಂದಿವೆ.

ಆದರೆ ಹೇರಳವಾಗಿರುವುದು ಎಲ್ಲರ ಕಾಗದವಲ್ಲ. ಆಸ್ತಿ, ಅಕ್ಷರ, ಅಧಿಕಾರ ಇದ್ದವರು ಬರೆದರು. ಇಲ್ಲದವರನ್ನು ಕುರಿತು ಬರೆಯಲಾಯಿತು. ಹೀಗಾಗಿ ಅಮೆರಿಕದ ಸಾಮಾಜಿಕ ಇತಿಹಾಸದ ದೊಡ್ಡ ಪಾಲು ಕೆಲಸ ನಡೆದಿರುವುದು ದಬ್ಬಾಳಿಕೆ ಮಾಡಿದವರು ತಮ್ಮ ಲೆಕ್ಕಕ್ಕೆಂದು ಬರೆದಿಟ್ಟ ಹಾಳೆಗಳಿಂದಲೇ ಅವರ ವಿರುದ್ಧದ ಸಾಕ್ಷ್ಯವನ್ನು ಹೆಕ್ಕುವುದರಲ್ಲಿ. ಈ ಉಪಾಯ ಇಪ್ಪತ್ತನೆಯ ಶತಮಾನದ ಪ್ರಾಧ್ಯಾಪಕರು ಕಂಡುಹಿಡಿದದ್ದಲ್ಲ. ಚಳವಳಿಗಾರರಿಗೆ ಅದು ಬಹಳ ಮೊದಲೇ ಗೊತ್ತಿತ್ತು.

ಯಜಮಾನರ ಕಾಗದ

1769ರ ಸೆಪ್ಟೆಂಬರಿನಲ್ಲಿ ವರ್ಜಿನಿಯಾ ಗೆಜೆಟ್ ಪತ್ರಿಕೆಯಲ್ಲಿ ಒಂದು ಸಣ್ಣ ಜಾಹೀರಾತು ಬಂತು. ಸ್ಯಾಂಡಿ ಎಂಬ ಗುಲಾಮ ಓಡಿಹೋಗಿದ್ದಾನೆ. ವಯಸ್ಸು ಸುಮಾರು 35. ಚಪ್ಪಲಿ ಹೊಲಿಯುವುದು ಅವನ ಕಸುಬು, ಅದನ್ನು ಎಡಗೈಯಲ್ಲಿ ಮಾಡುತ್ತಾನೆ. ಬಡಗಿ ಕೆಲಸವೂ ಒಂದಿಷ್ಟು ಬರುತ್ತದೆ. ಕುಡಿತದ ಚಟವಿದೆ, ಕುಡಿದರೆ ಮಾತು ಒರಟು. ಒಂದು ಬಿಳಿ ಕುದುರೆಯನ್ನೂ ತನ್ನ ಕಸುಬಿನ ಹತಾರಗಳನ್ನೂ ಒಯ್ದಿದ್ದಾನೆ. ಅದೇ ಕೌಂಟಿಯಲ್ಲಿ ಹಿಡಿದುಕೊಟ್ಟರೆ 40 ಶಿಲಿಂಗ್, ವಸಾಹತಿನ ಬೇರೆಡೆ ಹಿಡಿದರೆ 4 ಪೌಂಡ್, ಇನ್ನೊಂದು ವಸಾಹತಿನಲ್ಲಿ ಹಿಡಿದರೆ 10 ಪೌಂಡ್ ಇನಾಮು. ಕೆಳಗಿರುವ ಹೆಸರು ಥಾಮಸ್ ಜೆಫರ್ಸನ್. ಏಳು ವರ್ಷದ ಬಳಿಕ, ಮನುಷ್ಯರೆಲ್ಲ ಸಮಾನರಾಗಿ ಹುಟ್ಟಿದವರೆಂದು ಸಾರುವ ಸ್ವಾತಂತ್ರ್ಯ ಘೋಷಣೆಯ ಕರಡನ್ನು ಬರೆದವರು ಇವರೇ. ತಮ್ಮ ಬಾಳಿನಲ್ಲಿ ಅವರು 600ಕ್ಕೂ ಹೆಚ್ಚು ಗುಲಾಮರ ಒಡೆಯರಾಗಿದ್ದರು. ಅಮೆರಿಕದ ಶಾಲೆಗಳಲ್ಲಿ ಈಗ ಈ ಎರಡು ಬರಹಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿಸುವುದುಂಟು. ಜೆಫರ್ಸನ್ನರನ್ನು ಕಪಟಿ ಎಂದು ತೀರ್ಪು ಕೊಟ್ಟು ಮುಗಿಸುವುದು ಸುಲಭ. ಆ ಜಾಹೀರಾತಿನಿಂದ ಅದಕ್ಕಿಂತ ಹೆಚ್ಚಿನದು ಸಿಗುತ್ತದೆ: ಕಸುಬು ಬಲ್ಲ, ಹತಾರ ಹೊತ್ತುಕೊಂಡು ಹೋಗುವಷ್ಟು ಮುಂದಾಲೋಚನೆ ಇದ್ದ, ಎದುರುತ್ತರ ಕೊಡುತ್ತಿದ್ದ ಒಬ್ಬ ಮನುಷ್ಯ. ಅವನ ಚಿತ್ರ ಇಷ್ಟು ಸ್ಪಷ್ಟವಾಗಿ ಮೂಡಿರುವುದು ಅವನನ್ನು ಹಿಡಿಸಬೇಕೆಂಬ ಒಡೆಯನ ಆಸೆಯಿಂದ. ಇಂಥ ಸಾವಿರಾರು ಜಾಹೀರಾತುಗಳು ಹಳೆಯ ಪತ್ರಿಕೆಗಳಲ್ಲಿವೆ. ಮೈಮೇಲಿನ ಬರೆ, ಕತ್ತರಿಸಿದ ಕಿವಿ, ಕಾಲಿನ ಬೇಡಿಯ ಗುರುತು ಎಲ್ಲವನ್ನೂ ಗುರುತು ಹಿಡಿಯಲು ಅನುಕೂಲವಾಗಲೆಂದು ಒಡೆಯರೇ ಬರೆದು ಅಚ್ಚು ಹಾಕಿಸಿದ್ದಾರೆ.

ಈ ಜಾಹೀರಾತುಗಳನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಬಳಸಿಕೊಂಡವರು ಗುಲಾಮಗಿರಿ ವಿರೋಧಿ ಚಳವಳಿಯ ಥಿಯೊಡರ್ ವೆಲ್ಡ್, ಅವರ ಹೆಂಡತಿ ಆಂಜೆಲಿನಾ ಗ್ರಿಮ್ಕಿ ಮತ್ತು ನಾದಿನಿ ಸಾರಾ ಗ್ರಿಮ್ಕಿ. ಈ ಅಕ್ಕತಂಗಿಯರು ದಕ್ಷಿಣ ಕೆರೊಲಿನಾದ ಗುಲಾಮರೊಡೆಯರ ಮನೆಯಲ್ಲಿ ಹುಟ್ಟಿ ಗುಲಾಮಗಿರಿಗೆ ಬೆನ್ನು ತಿರುಗಿಸಿ ಬಂದವರು. ಅವರು ದಕ್ಷಿಣದ ಪತ್ರಿಕೆಗಳ ರಾಶಿಯನ್ನು ಜಾಲಾಡಿ, ಕತ್ತರಿಸಿ, ಜೋಡಿಸಿದರು. ಅದರಿಂದ 1839ರಲ್ಲಿ ‘ಅಮೆರಿಕನ್ ಸ್ಲೇವರಿ ಆ್ಯಸ್ ಇಟ್ ಈಸ್’ ಎಂಬ ಪುಸ್ತಕ ಬಂತು. ಉತ್ತರದವರು ಸುಳ್ಳು ಹೇಳುತ್ತಿದ್ದಾರೆ ಎಂದು ದೂರಲು ದಕ್ಷಿಣದವರಿಗೆ ಆಸ್ಪದವಿರಲಿಲ್ಲ. ಅಲ್ಲಿದ್ದದ್ದು ಅವರದೇ ಪತ್ರಿಕೆಗಳ ಅಕ್ಷರ. ಅರ್ಧ ಶತಮಾನದ ನಂತರ ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್ ಇದೇ ದಾರಿ ಹಿಡಿದರು. 1892ರಲ್ಲಿ ಮೆಂಫಿಸ್ ನಗರದಲ್ಲಿ ಅಂಗಡಿ ನಡೆಸುತ್ತಿದ್ದ ಮೂವರು ಕಪ್ಪು ಜನರನ್ನು ಗುಂಪೊಂದು ಕೊಂದಿತು. ಅವರಲ್ಲೊಬ್ಬರು ವೆಲ್ಸ್‌ರ ಗೆಳೆಯರು. ಆ ಬಗ್ಗೆ ಬರೆದದ್ದಕ್ಕೆ ಅವರ ಪತ್ರಿಕೆಯ ಕಚೇರಿಯೇ ಧ್ವಂಸವಾಯಿತು. 1895ರ ‘ಎ ರೆಡ್ ರೆಕಾರ್ಡ್’ ಪುಸ್ತಕದಲ್ಲಿ ಅವರು ಗುಂಪುಹತ್ಯೆಗಳ ಅಂಕಿಸಂಖ್ಯೆ ಕೊಟ್ಟಾಗ ಅವನ್ನು ತೆಗೆದುಕೊಂಡದ್ದು ಬಿಳಿಯರ ಒಡೆತನದ ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯಿಂದ. ಹೆಂಗಸರ ಮಾನ ಕಾಪಾಡಲು ಗುಂಪುಗಳು ಕೊಲ್ಲುತ್ತವೆ ಎಂಬ ಸಬೂಬನ್ನು ಅದೇ ಅಂಕಿಗಳಿಂದ ಅವರು ಒಡೆದುಹಾಕಿದರು; ಕೊಲೆಯಾದವರಲ್ಲಿ ಬಹಳ ಮಂದಿಯ ಮೇಲೆ ಅಂಥ ಆಪಾದನೆಯೇ ಇರಲಿಲ್ಲ.

ಜನಗಣತಿಯ ಹಾಳೆಗಳು ಇನ್ನೊಂದು ಬಗೆಯ ಸಾಕ್ಷಿ. 1850 ಮತ್ತು 1860ರಲ್ಲಿ ಗುಲಾಮರಿಗೆಂದೇ ಬೇರೆ ಪಟ್ಟಿ ಇತ್ತು. ಎಡಗಡೆ ಒಡೆಯನ ಹೆಸರು. ಅದರ ಮುಂದೆ ಒಂದೊಂದು ಸಾಲಿಗೆ ಒಬ್ಬ ಗುಲಾಮ: ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಓಡಿಹೋಗಿದ್ದಾನೆಯೇ, ಕುರುಡೇ ಕಿವುಡೇ. ಹೆಸರಿಗೆ ಕಾಲಮ್ಮೇ ಇಲ್ಲ. 1860ರಲ್ಲಿ ಗುಲಾಮರ ಸಂಖ್ಯೆ 39 ಲಕ್ಷ ದಾಟಿತ್ತು. ಅವರಲ್ಲಿ ಬಹುಪಾಲು ಜನ ಹೆಸರಿನೊಂದಿಗೆ ಜನಗಣತಿಗೆ ಮೊದಲ ಬಾರಿ ಬಂದದ್ದು 1870ರಲ್ಲಿ. ತಮ್ಮ ಮನೆತನದ ಮೂಲ ಹುಡುಕುವ ಆಫ್ರಿಕನ್ ಅಮೆರಿಕನ್ನರು ಇಂದಿಗೂ ಆ ಇಸವಿಯ ಗೋಡೆಗೆ ಬಂದು ನಿಲ್ಲುತ್ತಾರೆ. ಗೋಡೆಯಾಚೆ ಹೋಗಬೇಕಾದರೆ ಒಡೆಯನ ಉಯಿಲು, ಸಾಲಪತ್ರ, ಹರಾಜಿನ ಪಟ್ಟಿಗಳನ್ನು ಹುಡುಕಬೇಕು, ಅಂದರೆ ಅಜ್ಜಿಯನ್ನು ದನಕರು, ಪಾತ್ರೆಪಡಗಗಳ ನಡುವೆ ಹುಡುಕಬೇಕು.

ಗುಲಾಮರ ಸ್ವಂತ ಮಾತು

ಗುಲಾಮರು ಬರೆಯಲೇ ಇಲ್ಲ ಎಂದಲ್ಲ. ಬಾಸ್ಟನ್ನಿನ ಪ್ರಿನ್ಸ್ ಹಾಲ್ ಮತ್ತು ಸಂಗಡಿಗರು 1777ರ ಜನವರಿಯಲ್ಲಿ ಮಸಾಚುಸೆಟ್ಸ್ ಶಾಸನಸಭೆಗೆ ಸಲ್ಲಿಸಿದ ಅರ್ಜಿಯಲ್ಲಿ, ಬ್ರಿಟನ್ನಿನ ವಿರುದ್ಧ ಬಳಸುತ್ತಿದ್ದ ಸ್ವಾತಂತ್ರ್ಯದ ವಾದವನ್ನೇ ಎತ್ತಿ ಒಡೆಯರ ಮುಂದಿಟ್ಟಿದ್ದಾರೆ. ಫ್ರೆಡರಿಕ್ ಡಗ್ಲಸ್‌ರ ಆತ್ಮಕಥೆ 1845ರಲ್ಲಿ ಬಂತು. ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ಬೇರೆ ಹೆಸರಿನಲ್ಲಿ ತಮ್ಮ ಕಥೆ ಪ್ರಕಟಿಸಿದರು. ಒಡೆಯನಿಂದ ತಪ್ಪಿಸಿಕೊಳ್ಳಲು ಅಜ್ಜಿಯ ಮನೆಯ ಮಾಡಿನ ಕೆಳಗಿನ ಇಕ್ಕಟ್ಟಿನಲ್ಲಿ ಸುಮಾರು ಏಳು ವರ್ಷ ಅಡಗಿದ್ದೆ ಎಂಬ ಮಾತನ್ನು ವಿದ್ವಾಂಸರು ನಂಬಲಿಲ್ಲ. ಅದನ್ನು ಬಿಳಿಯ ಲೇಖಕಿಯೊಬ್ಬರು ಬರೆದ ಕಾದಂಬರಿ ಎಂದು ನೂರು ವರ್ಷಕ್ಕೂ ಮಿಕ್ಕಿ ಪಕ್ಕಕ್ಕಿಟ್ಟಿದ್ದರು. ಜೇಕಬ್ಸ್ ತಮ್ಮ ಗೆಳತಿಗೆ ಬರೆದ ಪತ್ರಗಳು ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದವು. ಸಂಶೋಧಕಿ ಜೀನ್ ಫೇಗನ್ ಯೆಲಿನ್ ಅವುಗಳ ನೆರವಿನಿಂದ 1980ರ ದಶಕದಲ್ಲಿ ಆ ಪುಸ್ತಕ ಜೇಕಬ್ಸ್‌ರದೇ, ಅದರ ಘಟನೆಗಳು ನಿಜವೇ ಎಂದು ತೋರಿಸಿಕೊಟ್ಟರು. ಆಕರವೊಂದು ಕಪಾಟಿನಲ್ಲೇ ಇದ್ದರೂ, ಬರೆದವರು ಯಾರೆಂಬ ಪೂರ್ವಗ್ರಹದಿಂದ ಅದು ಕಣ್ಣಿಗೆ ಬೀಳದೆ ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

1865ರ ಆಗಸ್ಟಿನಲ್ಲಿ ಓಹಿಯೊ ರಾಜ್ಯದ ಡೇಟನ್ನಿನಿಂದ ಜೋರ್ಡನ್ ಆಂಡರ್ಸನ್ ತಮ್ಮ ಹಳೆಯ ಒಡೆಯನಿಗೆ ಹೇಳಿ ಬರೆಸಿದ ಪತ್ರ ಈ ಸಾಲಿನಲ್ಲಿ ಬಲು ರುಚಿಕರವಾದದ್ದು. ಟೆನೆಸೀಯ ಆ ಒಡೆಯ, ಹೊಲಕ್ಕೆ ಆಳಿಲ್ಲದೆ, ವಾಪಸು ಬಾ ಎಂದು ಕರೆದಿದ್ದ. ಆಂಡರ್ಸನ್ ವಿನಯದಿಂದಲೇ ಉತ್ತರ ಕೊಡುತ್ತಾರೆ: ಇಲ್ಲಿ ತಿಂಗಳಿಗೆ 25 ಡಾಲರ್ ಸಿಗುತ್ತಿದೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಹೆಂಡತಿಯನ್ನು ಜನ ಶ್ರೀಮತಿ ಆಂಡರ್ಸನ್ ಎನ್ನುತ್ತಾರೆ, ನಿಮ್ಮ ಮಾತು ಪ್ರಾಮಾಣಿಕವೇ ಎಂದು ತಿಳಿಯಲು ಹಿಂದಿನ ಸಂಬಳ ಕಳಿಸಿಕೊಡಿ. ಆಮೇಲೆ ಲೆಕ್ಕ. ತಮ್ಮ 32 ವರ್ಷಕ್ಕೆ ತಿಂಗಳಿಗೆ 25 ಡಾಲರಿನಂತೆ, ಹೆಂಡತಿಯ 20 ವರ್ಷಕ್ಕೆ ವಾರಕ್ಕೆ 2 ಡಾಲರಿನಂತೆ, ಒಟ್ಟು 11,680 ಡಾಲರ್. ಅದರಲ್ಲಿ ಬಟ್ಟೆಬರೆಯ ಖರ್ಚು, ತಮಗಾಗಿ ಮೂರು ಸಲ ಡಾಕ್ಟರನ್ನು ಕರೆಸಿದ್ದು, ಹೆಂಡತಿಯ ಒಂದು ಹಲ್ಲು ಕೀಳಿಸಿದ್ದು ಮುರಿದುಕೊಳ್ಳಬಹುದು. ಲೆಕ್ಕ ಕೂಡಿಸಿ ನೋಡಿದರೆ ಒಂದು ಡಾಲರೂ ಆಚೀಚೆ ಇಲ್ಲ. ನಗುತ್ತ ಓದಿಕೊಂಡು ಹೋಗುವಾಗ ಹೆಣ್ಣುಮಕ್ಕಳ ಮಾತು ಬರುತ್ತದೆ: ಹಳೆಯ ಒಡೆಯನ ಮನೆಯ ಯುವಕರಿಂದ ಅವರಿಗೆ ರಕ್ಷಣೆ ಉಂಟೇ ಎಂಬ ಪ್ರಶ್ನೆ. ನಗು ಅಲ್ಲಿಗೆ ನಿಲ್ಲುತ್ತದೆ. ಪತ್ರಿಕೆಗಳಲ್ಲಿ ಅಚ್ಚಾದ ಈ ಪತ್ರ ನಿಜವೋ ಯಾರೋ ಹೆಣೆದದ್ದೋ ಎಂಬ ಸಂಶಯ ಇದ್ದೇ ಇತ್ತು. ಡೇಟನ್ನಿನ ಜನಗಣತಿ ಹಾಳೆಗಳಲ್ಲಿ ಆಂಡರ್ಸನ್ ಮತ್ತು ಅವರ ಸಂಸಾರ ಕಾಣಸಿಕ್ಕಿರುವುದರಿಂದ, ಅಂಥ ಒಬ್ಬ ಮನುಷ್ಯ ಅಲ್ಲಿ ಬದುಕಿದ್ದದ್ದು ಖಚಿತ. ಮಾತುಗಳಲ್ಲಿ ಬರೆದುಕೊಟ್ಟವರ ಪಾಲು ಎಷ್ಟೆಂಬುದು ಚರ್ಚೆಯ ವಿಷಯವಾಗಿಯೇ ಉಳಿದಿದೆ.

ಅದೇ 1865ರಲ್ಲಿ ಹುಟ್ಟಿ 1872ರವರೆಗೆ ನಡೆದ ಫ್ರೀಡ್‌ಮೆನ್ಸ್ ಬ್ಯೂರೊ ಎಂಬ ಸರ್ಕಾರಿ ಕಚೇರಿಯ ಕಡತಗಳು ಬಿಡುಗಡೆಯಾದವರ ಬದುಕಿಗೆ ಹತ್ತಿರದ ಕಿಟಕಿ. ಕೂಲಿ ಕರಾರು, ಮದುವೆ ನೋಂದಣಿ, ಪಡಿ ಹಂಚಿದ ಪಟ್ಟಿ, ಹೊಡೆತ ಬಡಿತದ ದೂರು ಎಲ್ಲ ಅಲ್ಲಿವೆ. ಸಾವಿರಾರು ಸ್ವಯಂಸೇವಕರು ಸೇರಿ ಇವುಗಳಲ್ಲಿನ ಹೆಸರುಗಳನ್ನು ಅಂತರಜಾಲದಲ್ಲಿ ಹುಡುಕಲು ಬರುವಂತೆ ಮಾಡಿದ್ದಾರೆ. ಫಿಲಡೆಲ್ಫಿಯಾದ ಕ್ರಿಶ್ಚಿಯನ್ ರೆಕಾರ್ಡರ್‌ನಂಥ ಕಪ್ಪು ಜನರ ಚರ್ಚ್ ಪತ್ರಿಕೆಗಳಲ್ಲಿ, ಮಾರಾಟವಾಗಿ ಚದುರಿಹೋದ ತಾಯಿ, ಮಗ, ತಂಗಿಯರನ್ನು ಹುಡುಕುವ ಪ್ರಕಟಣೆಗಳು ದಶಕಗಟ್ಟಲೆ ಬಂದವು. ಓಡಿಹೋದವರ ಜಾಹೀರಾತಿನಂತೆಯೇ ಇಲ್ಲೂ ಹೆಸರು, ವಯಸ್ಸು, ಗುರುತು, ಕೊನೆಯದಾಗಿ ಕಂಡ ಊರು ಇರುತ್ತವೆ. ಹುಡುಕುವವರು ಮಾತ್ರ ಬೇರೆ.

ಯಾರು ಕೇಳಿದರು ಎಂಬುದು ಯಾರು ಹೇಳಿದರು ಎಂಬಷ್ಟೇ ಮುಖ್ಯ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 1936ರಿಂದ 1938ರವರೆಗೆ, ಸರ್ಕಾರದ ಲೇಖಕರ ಯೋಜನೆಯೊಂದು ಬದುಕುಳಿದಿದ್ದ ಮಾಜಿ ಗುಲಾಮರನ್ನು ಹುಡುಕಿ 2,300ಕ್ಕೂ ಹೆಚ್ಚು ಹೇಳಿಕೆಗಳನ್ನು ಬರೆದುಕೊಂಡಿತು. ಕೇಳಲು ಹೋದವರಲ್ಲಿ ಹೆಚ್ಚಿನವರು ಬಿಳಿಯರು. ಚಾರ್ಲ್‌ಸ್ಟನ್ ನಗರದ ಸೂಸನ್ ಹ್ಯಾಮ್ಲಿನ್ ಎಂಬ ವೃದ್ಧೆಯನ್ನು ಇಬ್ಬರು ಬೇರೆ ಬೇರೆಯಾಗಿ ಮಾತಾಡಿಸಿದ್ದಾರೆ. ಬಿಳಿಯ ಮಹಿಳೆ ಜೆಸ್ಸಿ ಬಟ್ಲರ್ ಹೋದಾಗ, ಬಂದವರು ಸರ್ಕಾರದ ಪರಿಹಾರ ಕಚೇರಿಯವರೆಂದು ಆಕೆ ಭಾವಿಸಿದ್ದರು. ಒಡೆಯ ಒಳ್ಳೆಯವನು, ಹೊಟ್ಟೆಬಟ್ಟೆಗೆ ಕೊರತೆ ಇರಲಿಲ್ಲ ಎಂದರು. ಕಪ್ಪು ಸಂದರ್ಶಕ ಆಗಸ್ಟಸ್ ಲ್ಯಾಡ್ಸನ್ ಹೋದಾಗ ಚಾಟಿಯೇಟು, ಮಾರಾಟವಾಗಿ ಚೆಲ್ಲಾಪಿಲ್ಲಿಯಾದ ಸಂಸಾರಗಳ ಮಾತು ಬಂತು. ಎರಡರಲ್ಲಿ ಒಂದನ್ನು ಸುಳ್ಳೆಂದು ಎಸೆಯುವ ಹಾಗಿಲ್ಲ. ಮೊದಲನೆಯದು ಗುಲಾಮಗಿರಿಯ ಬಗ್ಗೆ ಹೇಳುವುದಕ್ಕಿಂತ 1937ರ ಚಾರ್ಲ್‌ಸ್ಟನ್ನಿನಲ್ಲಿ ಬಡ ಕಪ್ಪು ಮುದುಕಿಯೊಬ್ಬರು ಬಿಳಿಯರ ಮುಂದೆ ಏನು ಆಡಬಹುದಿತ್ತು ಎಂಬುದನ್ನು ಹೇಳುತ್ತದೆ. ಈ ಹೇಳಿಕೆಗಳಿಂದ ಅಲ್ಲೊಂದು ಇಲ್ಲೊಂದು ವಾಕ್ಯ ಎತ್ತಿ, ಗುಲಾಮರು ಸುಖವಾಗಿದ್ದರು ಎನ್ನುವವರು ಇಂದಿಗೂ ಇದ್ದಾರೆ. ಅವರು ಸಂದರ್ಶಕರ ಹೆಸರಿನ ಸಾಲನ್ನು ಓದಿರುವುದಿಲ್ಲ.

ಕಳೆದ ಹಾಳೆ, ತಿದ್ದಿದ ಭಾಷಣ

1848ರ ಜುಲೈ 19 ಮತ್ತು 20ರಂದು ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್ ಎಂಬ ಊರಿನ ಪ್ರಾರ್ಥನಾ ಮಂದಿರದಲ್ಲಿ ನಡೆದ ಸಭೆ, ಸ್ವಾತಂತ್ರ್ಯ ಘೋಷಣೆಯ ಅಚ್ಚಿನಲ್ಲೇ ಹೆಂಗಸರ ಹಕ್ಕುಗಳ ಘೋಷಣೆಯೊಂದನ್ನು ಹೊರಡಿಸಿತು. ಸಹಿ ಹಾಕಿದವರು ನೂರು ಮಂದಿ: 68 ಹೆಂಗಸರು, 32 ಗಂಡಸರು. ಅದರ ಹಸ್ತಪ್ರತಿ ಇಂದು ಎಲ್ಲೂ ಇಲ್ಲ. ನಮಗೆ ಉಳಿದಿರುವುದು ರಾಚೆಸ್ಟರ್‌ನಲ್ಲಿ ಡಗ್ಲಸ್ ನಡೆಸುತ್ತಿದ್ದ ನಾರ್ತ್ ಸ್ಟಾರ್ ಪತ್ರಿಕೆಯ ಅಚ್ಚುಕೂಟದಿಂದ ಹೊರಬಂದ ವರದಿ. ಜೆಫರ್ಸನ್ನರ ಘೋಷಣೆಯ ಮೂಲ ಪ್ರತಿ ರಾಷ್ಟ್ರೀಯ ಪತ್ರಾಗಾರದ ಗಾಜಿನ ಪೆಟ್ಟಿಗೆಯಲ್ಲಿದೆ. ಹೆಂಗಸರ ಘೋಷಣೆಯನ್ನು ಜೋಪಾನ ಮಾಡಬೇಕೆಂದು ಆಗ ಯಾವ ಕಚೇರಿಗೂ ಅನಿಸಲಿಲ್ಲ.

ಹಿಂದೆ ಗುಲಾಮಳಾಗಿದ್ದ ಸೊಜರ್ನರ್ ಟ್ರೂತ್ 1851ರಲ್ಲಿ ಓಹಿಯೊದ ಆಕ್ರನ್ನಿನಲ್ಲಿ ಮಾಡಿದ ಭಾಷಣದ ಕಥೆ ಇನ್ನೂ ಜಟಿಲ. ನಾನೂ ಹೆಣ್ಣಲ್ಲವೇ ಎಂಬ ಅರ್ಥದ ಪಲ್ಲವಿಯೊಂದಿಗೆ ಅದು ಲೋಕಪ್ರಸಿದ್ಧ. ಭಾಷಣವಾದ ಕೆಲವೇ ವಾರದಲ್ಲಿ, ಸಭೆಯಲ್ಲಿದ್ದ ಮೇರಿಯಸ್ ರಾಬಿನ್ಸನ್ ಆ್ಯಂಟಿ ಸ್ಲೇವರಿ ಬ್ಯೂಗಲ್ ಪತ್ರಿಕೆಯಲ್ಲಿ ಕೊಟ್ಟ ವರದಿಯಲ್ಲಿ ಆ ಪಲ್ಲವಿ ಇಲ್ಲವೇ ಇಲ್ಲ. ಅದು ಕಾಣುವುದು ಹನ್ನೆರಡು ವರ್ಷದ ನಂತರ, 1863ರಲ್ಲಿ, ಫ್ರಾನ್ಸಿಸ್ ಗೇಜ್ ಎಂಬವರು ನೆನಪಿನಿಂದ ಬರೆದ ಪಾಠದಲ್ಲಿ. ಅಲ್ಲಿ ಟ್ರೂತ್ ದಕ್ಷಿಣದ ಗುಲಾಮರ ಆಡುನುಡಿಯಲ್ಲಿ ಮಾತಾಡುತ್ತಾರೆ, ಹದಿಮೂರು ಮಕ್ಕಳನ್ನು ಹೆತ್ತವಳೆನ್ನುತ್ತಾರೆ. ನಿಜಕ್ಕೂ ಅವರು ನ್ಯೂಯಾರ್ಕಿನವರು, ಮನೆಮಾತು ಡಚ್, ಮಕ್ಕಳು ಐವರು. ಗೇಜ್ ದುರುದ್ದೇಶದಿಂದ ತಿದ್ದಿದರೆಂದು ಹೇಳಲಾಗದು. ತಮ್ಮ ಓದುಗರು ನಿರೀಕ್ಷಿಸುವ ಗುಲಾಮ ಹೆಂಗಸನ್ನು ಅವರು ಕಟ್ಟಿಕೊಟ್ಟರು. ಪೋಸ್ಟರುಗಳ ಮೇಲಿರುವುದು ಆ ಪಾಠವೇ.

1920ರ ಆಗಸ್ಟ್ 18ರಂದು, ಹೆಂಗಸರಿಗೆ ಮತದ ಹಕ್ಕು ಕೊಡುವ ಸಂವಿಧಾನದ ಹತ್ತೊಂಬತ್ತನೆಯ ತಿದ್ದುಪಡಿಯ ಹಣೆಬರಹ ಟೆನೆಸೀಯ ವಿಧಾನಸಭೆಯಲ್ಲಿ ನಿರ್ಧಾರವಾಯಿತು. 24 ವರ್ಷದ ಹ್ಯಾರಿ ಬರ್ನ್ ವಿರೋಧದ ಬಣದಿಂದ ಇತ್ತ ಬಂದು ಮತ ಕೊಟ್ಟರು. ಅವರ ಜೇಬಿನಲ್ಲಿ ತಾಯಿ ಬರೆದ ಪತ್ರವಿತ್ತು. ಪತ್ರದ ತುಂಬ ಮನೆವಾರ್ತೆ. ನಡುವೆ, ಹೆಂಗಸರ ಮತಕ್ಕೆ ಬೆಂಬಲ ಕೊಡು ಎಂಬ ಮಾತು. ಪತ್ರ ಈಗ ನಾಕ್ಸ್‌ವಿಲ್‌ನ ಗ್ರಂಥಾಲಯದಲ್ಲಿದೆ. ಈ ತಿದ್ದುಪಡಿ ಬಂದ ಮೇಲೂ ದಕ್ಷಿಣದ ಕಪ್ಪು ಹೆಂಗಸರು ಮತಗಟ್ಟೆಯಲ್ಲಿ ತಲೆಗಂದಾಯ, ಸಾಕ್ಷರತೆ ಪರೀಕ್ಷೆಗಳನ್ನು ಎದುರಿಸಬೇಕಾಯಿತು. 1965ರ ಮತದಾನ ಹಕ್ಕುಗಳ ಕಾಯ್ದೆಯವರೆಗೂ ಬಹಳ ಮಂದಿಗೆ ಆ ಹಕ್ಕು ಕಾಗದದ ಮೇಲೆಯೇ ಇತ್ತು.

ಮೂಲನಿವಾಸಿಗಳ ದಾಖಲೆ

ಮೂಲನಿವಾಸಿಗಳ ಇತಿಹಾಸವನ್ನು ಸೈನ್ಯಾಧಿಕಾರಿಗಳ, ಮಿಷನರಿಗಳ ವರದಿಗಳಿಂದಲೇ ಬರೆಯುತ್ತಿದ್ದ ಕಾಲವಿತ್ತು. ಆದರೆ ಚೆರೊಕೀ ಜನ 1828ರಲ್ಲೇ, ಸಿಕ್ವೋಯ ರೂಪಿಸಿದ ಲಿಪಿಯಲ್ಲಿ, ಎರಡು ಭಾಷೆಗಳ ಚೆರೊಕೀ ಫೀನಿಕ್ಸ್ ಪತ್ರಿಕೆ ಹೊರಡಿಸಿದ್ದರು. ತಮ್ಮಂಥವರನ್ನು ನೆಲದಿಂದ ಎಬ್ಬಿಸುವ 1830ರ ತೆರವು ಕಾಯ್ದೆಯ ವಿರುದ್ಧ ಅವರು ಕಾಂಗ್ರೆಸ್ಸಿಗೆ ಮನವಿಗಳನ್ನು ಕಳಿಸಿದರು. 1835ರಲ್ಲಿ ಜಾರ್ಜಿಯಾದ ಪಡೆ ಮುದ್ರಣ ಯಂತ್ರವನ್ನೇ ಹೊತ್ತೊಯ್ದಿತು. 1838-39ರ ಒಕ್ಕಲೆಬ್ಬಿಸುವಿಕೆಯಲ್ಲಿ ಸುಮಾರು 16,000 ಮಂದಿಯಲ್ಲಿ 4,000 ಮಂದಿ ಸತ್ತರೆಂದು ಅಂದಾಜು. ಲಕೋಟ ಜನರ ‘ಚಳಿಗಾಲದ ಎಣಿಕೆ’ ಬೇರೆಯೇ ಬಗೆಯದು. ವರ್ಷಕ್ಕೊಂದು ಚಿತ್ರದಂತೆ ಕಾಡೆಮ್ಮೆಯ ತೊಗಲಿನ ಮೇಲೆ ಬರೆಯುತ್ತಿದ್ದರು. ಹಲವು ತೊಗಲುಗಳಲ್ಲಿ ನಕ್ಷತ್ರಗಳು ಉದುರಿದ ಚಿತ್ರವಿದೆ. ಅದು 1833ರ ನವೆಂಬರಿನ ಉಲ್ಕಾಪಾತ. ಆ ಒಂದು ಗುರುತಿನಿಂದ ಉಳಿದ ಚಿತ್ರಗಳಿಗೂ ಇಸವಿ ಕೂಡಿಸಲು ಸಾಧ್ಯವಾಯಿತು.

ಕ್ಯಾಮೆರಾ ಮತ್ತು ಗೋಡೆ

ಹಿಂದೆ ಮೇಷ್ಟರಾಗಿದ್ದ ಛಾಯಾಗ್ರಾಹಕ ಲೂಯಿಸ್ ಹೈನ್ 1908ರಿಂದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ನೂಲಿನ ಗಿರಣಿ, ಕಲ್ಲಿದ್ದಲ ಗಣಿ, ಡಬ್ಬಿ ತಿನಿಸಿನ ಕಾರ್ಖಾನೆಗಳನ್ನು ಸುತ್ತಿದರು. ಮಾಲೀಕರು ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ಬೈಬಲ್ ಮಾರುವವರಂತೆ, ಅಗ್ನಿ ತಪಾಸಣೆಯವರಂತೆ ವೇಷ ಮರೆಸಿಕೊಂಡು ಹೋದದ್ದೂ ಉಂಟು. ಮಗುವಿನ ಎತ್ತರವನ್ನು ತಮ್ಮ ಅಂಗಿಯ ಗುಂಡಿಗಳ ಅಳತೆಯಲ್ಲಿ ಅಂದಾಜು ಮಾಡಿ, ಜೇಬಿನೊಳಗೆ ಕೈಯಿಟ್ಟುಕೊಂಡೇ ಗೀಚಿಕೊಳ್ಳುತ್ತಿದ್ದರು. 5,000ಕ್ಕೂ ಹೆಚ್ಚು ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಅಡಿಟಿಪ್ಪಣಿ ಇಲ್ಲದೆ ಅವನ್ನು ನೋಡಬಾರದು: ಹೆಸರು, ವಯಸ್ಸು, ಎಷ್ಟು ಹೊತ್ತಿನ ಕೆಲಸ, ಎಷ್ಟು ಕೂಲಿ ಎಲ್ಲ ಅದರಲ್ಲಿದೆ. 1916ರ ಮೊದಲ ಕೇಂದ್ರ ಬಾಲಕಾರ್ಮಿಕ ಕಾಯ್ದೆಯನ್ನು ಸುಪ್ರೀಂ ಕೋರ್ಟು ಎರಡೇ ವರ್ಷದಲ್ಲಿ ಹೊಡೆದುಹಾಕಿತು. ಗಟ್ಟಿಯಾದ ಕಾನೂನು ಬಂದದ್ದು 1938ರಲ್ಲಿ.

ಟಿಪ್ಪಣಿ ಅರೆಬರೆಯಾದರೆ ಏನಾಗುತ್ತದೆ ಎಂಬುದಕ್ಕೆ ಛಾಯಾಗ್ರಾಹಕಿ ಡೊರೋತಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ತೆಗೆದ ‘ವಲಸೆ ತಾಯಿ’ ಚಿತ್ರವೇ ಸಾಕ್ಷಿ. ಆರ್ಥಿಕ ಮುಗ್ಗಟ್ಟಿನ ಮುಖವೆಂದು ಅದು ಎಲ್ಲೆಡೆ ಅಚ್ಚಾಯಿತು. ಆ ತಾಯಿಯ ಹೆಸರನ್ನು ಲ್ಯಾಂಗ್ ಕೇಳಿರಲಿಲ್ಲ. ಅವರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಚೆರೊಕೀ ಮೂಲದವರು ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಚಿತ್ರ ತೆಗೆದ ಬಟಾಣಿ ಕೊಯ್ಲಿನ ಬಿಡಾರದ ಕೂಲಿಯವರು ತಾವಲ್ಲ, ಕಾರು ಕೆಟ್ಟು ಅಲ್ಲಿ ನಿಂತಿದ್ದೆವು ಎಂಬುದು ಆ ಸಂಸಾರದವರ ಮಾತು.

ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಏಂಜಲ್ ಐಲೆಂಡ್‌ನಲ್ಲಿ ಆಕರವಿರುವುದು ಗೋಡೆಯ ಮೇಲೆ. 1882ರ ಕಾಯ್ದೆ ಚೀನಾದ ಕೂಲಿಕಾರರಿಗೆ ಬಾಗಿಲು ಮುಚ್ಚಿತ್ತು. 1910ರಿಂದ 1940ರವರೆಗೆ ಈ ದ್ವೀಪದಲ್ಲಿ ವಲಸಿಗರನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಕೂಡಿಹಾಕಿ ವಿಚಾರಣೆ ಮಾಡುತ್ತಿದ್ದರು. 1906ರ ಭೂಕಂಪದ ಬೆಂಕಿಯಲ್ಲಿ ನಗರದ ಜನನ ದಾಖಲೆಗಳು ಸುಟ್ಟುಹೋದ ಮೇಲೆ, ತಾನು ಅಮೆರಿಕದಲ್ಲೇ ಹುಟ್ಟಿದ ಪ್ರಜೆಯ ಮಗ ಎಂದು ಹೇಳಿಕೊಂಡು ಬರುವ ‘ಕಾಗದದ ಮಕ್ಕಳು’ ಹೆಚ್ಚಾಗಿದ್ದರು. ಅವರನ್ನು ಹಿಡಿಯಲು ಅಧಿಕಾರಿಗಳು ಊರ ಮನೆಗೆ ಮೆಟ್ಟಿಲು ಎಷ್ಟು, ಅಕ್ಕಿಯ ಡಬ್ಬ ಎಲ್ಲಿಡುತ್ತಾರೆ, ನೆರೆಮನೆಯ ಬಾಗಿಲು ಯಾವ ದಿಕ್ಕಿಗೆ ಎಂದು ಕೇಳುತ್ತಿದ್ದರು. ಪ್ರಶ್ನೋತ್ತರದ ಆ ಕಡತಗಳು ಇಂದು ದಕ್ಷಿಣ ಚೀನಾದ ಹಳ್ಳಿಗಳ ಬಗ್ಗೆ ಸಿಗುವ ಅಪರೂಪದ ಮಾಹಿತಿ. ಅವುಗಳಲ್ಲಿ ಎಷ್ಟೋ ಉತ್ತರಗಳು ಬಾಯಿಪಾಠ ಮಾಡಿಬಂದ ಸುಳ್ಳು ಎಂಬುದನ್ನು ಮರೆಯದೆ ಓದಬೇಕು. ಬಂಧಿಗಳು ಮರದ ಗೋಡೆಗಳಲ್ಲಿ ಕೆತ್ತಿದ ಕವಿತೆಗಳನ್ನು 1970ರಲ್ಲಿ ಅಲೆಗ್ಸಾಂಡರ್ ವೈಸ್ ಎಂಬ ಉದ್ಯಾನ ರಕ್ಷಕರು ಗಮನಿಸಿದರು. ಆಗ ಆ ಕಟ್ಟಡ ಕೆಡವುವ ಪಟ್ಟಿಯಲ್ಲಿತ್ತು.

ಮಾಂಟ್‌ಗೊಮೆರಿಯ ಬಸ್ಸು

1955ರ ಡಿಸೆಂಬರ್ 1ರಂದು ಅಲಬಾಮಾದ ಮಾಂಟ್‌ಗೊಮೆರಿಯಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದದ್ದು ಎಲ್ಲರಿಗೂ ಗೊತ್ತು. ದಣಿದಿದ್ದ ಹೊಲಿಗೆಯಾಕೆ ಅಂದು ಏಳಲಾರದೆ ಕುಳಿತರು ಎಂಬ ಕಥೆಯನ್ನು ಕಾಗದಗಳು ಒಪ್ಪುವುದಿಲ್ಲ. ಪೊಲೀಸರ ವರದಿ ಆಕೆ ಬಿಳಿಯರ ಭಾಗದಲ್ಲಿ ಕುಳಿತಿದ್ದರೆಂದು ಹೇಳುತ್ತದೆ. ಬಿಳಿಯರಿಗೆ ಮೀಸಲಾಗಿದ್ದದ್ದು ಮುಂದಿನ ಹತ್ತು ಸೀಟು; ಆಕೆ ಕುಳಿತದ್ದು ಅದರ ಹಿಂದಿನ ಸಾಲಿನಲ್ಲಿ. ಮುಂದೆ ಕೋರ್ಟಿಗೆ ಹಾಜರುಪಡಿಸಿದ ಬಸ್ಸಿನ ನಕ್ಷೆಯೊಂದು ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಅದನ್ನು ನೋಡಿದರೆ ತಿಳಿಯುತ್ತದೆ, ಅಂದು ನಡೆದದ್ದು ಗೆರೆ ದಾಟಿದ್ದಲ್ಲ, ಡ್ರೈವರು ಗೆರೆಯನ್ನೇ ಹಿಂದಕ್ಕೆ ಸರಿಸಲು ಹೋದದ್ದು.

ಹದಿನೆಂಟು ತಿಂಗಳು ಮೊದಲೇ, 1954ರ ಮೇ 21ರಂದು, ಅಲಬಾಮಾ ಸ್ಟೇಟ್ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಜೋ ಆನ್ ರಾಬಿನ್ಸನ್ ಮೇಯರ್‌ಗೆ ಬರೆದ ಪತ್ರವಿದೆ. ಶಾಲೆಗಳಲ್ಲಿನ ವರ್ಣಭೇದ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು ಹೇಳಿ ನಾಲ್ಕೇ ದಿನವಾಗಿತ್ತು. ಬಸ್ಸುಗಳ ಆದಾಯದ ದೊಡ್ಡ ಪಾಲು ಕಪ್ಪು ಜನರದ್ದು, ಅವರು ಹತ್ತದಿದ್ದರೆ ಬಸ್ಸುಗಳು ಓಡಲಾರವು ಎಂದು ಸೌಜನ್ಯದ ಮಾತಿನಲ್ಲೇ ಅವರು ಎಚ್ಚರಿಸಿದ್ದರು. ಪಾರ್ಕ್ಸ್ ಬಂಧನವಾದ ರಾತ್ರಿ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಸಾವಿರಾರು ಕರಪತ್ರ ತೆಗೆದವರೂ ಅವರೇ. ಅವರ ಮಹಿಳಾ ಸಂಘಟನೆ ಬಹಿಷ್ಕಾರಕ್ಕೆ ಸಿದ್ಧವಾಗಿತ್ತು, ಕಾರಣಕ್ಕಾಗಿ ಕಾಯುತ್ತಿತ್ತು. 381 ದಿನ ನಡೆದ ಈ ಚಳವಳಿಯಿಂದ ಮಾರ್ಟಿನ್ ಲೂಥರ್ ಕಿಂಗ್ ಪ್ರಸಿದ್ಧರಾದರು. ರಾಬಿನ್ಸನ್ ಹೆಸರು ಬಹುಕಾಲ ಕಡತದಲ್ಲೇ ಉಳಿಯಿತು. ಬಸ್ಸುಗಳ ವರ್ಣಭೇದವನ್ನು ಕೊನೆಗಾಣಿಸಿದ ಮೊಕದ್ದಮೆಯ ಅರ್ಜಿದಾರರಲ್ಲಿ ಪಾರ್ಕ್ಸ್ ಹೆಸರಿಲ್ಲ. ಅವರಿಗಿಂತ ಒಂಬತ್ತು ತಿಂಗಳು ಮೊದಲು ಇದೇ ಊರಿನಲ್ಲಿ ಸೀಟು ಬಿಡದೆ ಬಂಧನಕ್ಕೊಳಗಾದ ಹದಿನೈದರ ಹುಡುಗಿ ಕ್ಲಾಡೆಟ್ ಕೊಲ್ವಿನ್ ಹೆಸರಿದೆ.

ಸರ್ಕಾರದ ವಿರುದ್ಧ ಸರ್ಕಾರದ ಕಡತ

ಜಪಾನಿನೊಡನೆ ಯುದ್ಧ ನಡೆಯುತ್ತಿದ್ದಾಗ, 1942ರ ಫೆಬ್ರವರಿ 19ರ ಅಧ್ಯಕ್ಷರ ಆಜ್ಞೆಯಂತೆ ಪಶ್ಚಿಮ ಕರಾವಳಿಯಿಂದ ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಿಗೆ ಸಾಗಿಸಲಾಯಿತು. ಬಹುಪಾಲು ಮಂದಿ ಅಮೆರಿಕದ ಪ್ರಜೆಗಳು. ನಿಷ್ಠಾವಂತರನ್ನು ಬೇರ್ಪಡಿಸಲು ಸಮಯವಿರಲಿಲ್ಲ ಎಂದು ಸುಪ್ರೀಂ ಕೋರ್ಟಿನ ಮುಂದೆ ಸರ್ಕಾರ ವಾದಿಸಿ ಗೆದ್ದಿತ್ತು. ಐಕೊ ಹರ್ಜಿಗ್ ಯೋಶಿನಾಗ ಹದಿಹರೆಯದಲ್ಲಿ ಶಿಬಿರದಲ್ಲಿದ್ದವರು. 1982ರಲ್ಲಿ ಈ ಸೆರೆವಾಸದ ತನಿಖಾ ಆಯೋಗದ ಸಂಶೋಧಕಿಯಾಗಿ ರಾಷ್ಟ್ರೀಯ ಪತ್ರಾಗಾರದಲ್ಲಿ ಕೆಲಸ ಮಾಡುತ್ತಿದ್ದಾಗ, ಸಿಬ್ಬಂದಿಯೊಬ್ಬರ ಮೇಜಿನ ಮೇಲಿದ್ದ ಕಟ್ಟಿನ ಮೇಲೆ ಅವರ ಕಣ್ಣು ಬಿತ್ತು. ಅದು ಆ ಸಾಗಣೆಯನ್ನು ನಡೆಸಿದ ಜನರಲ್ ಜಾನ್ ಡೆವಿಟ್ಟರ ವರದಿಯ ಮೊದಲ ರೂಪ. ಅದನ್ನು ತಿದ್ದಿಸಿ, ಮೂಲ ಪ್ರತಿಗಳನ್ನು ಸುಡಿಸಲಾಗಿತ್ತು. ಹೇಗೋ ಒಂದು ಉಳಿದಿತ್ತು. ಸಮಯದ ಅಭಾವ ಕಾರಣವೇ ಅಲ್ಲ, ಎಷ್ಟು ಸಮಯವಿದ್ದರೂ ಈ ಜನಾಂಗದವರಲ್ಲಿ ನಿಷ್ಠರನ್ನು ಗುರುತಿಸಲಾಗದು ಎಂಬುದು ಅದರಲ್ಲಿದ್ದ ಮಾತು. ಆಜ್ಞೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ ಸೋತಿದ್ದ ಫ್ರೆಡ್ ಕೊರೆಮಾತ್ಸು ಅವರ ಹಳೆಯ ಶಿಕ್ಷೆ 1983ರಲ್ಲಿ ರದ್ದಾಗಲು, 1988ರ ಕಾಯ್ದೆಯಂತೆ ಬದುಕಿದ್ದ ಪ್ರತಿಯೊಬ್ಬರಿಗೂ ಕ್ಷಮಾಪಣೆಯೊಂದಿಗೆ 20,000 ಡಾಲರ್ ಸಿಗಲು ಇಂಥ ಕಾಗದಗಳು ನೆರವಾದವು.

ಮಿಸಿಸಿಪ್ಪಿ ರಾಜ್ಯ 1956ರಲ್ಲಿ ಹುಟ್ಟುಹಾಕಿದ ‘ಸಾರ್ವಭೌಮತ್ವ ಆಯೋಗ’ ನಾಗರಿಕ ಹಕ್ಕುಗಳ ಕಾರ್ಯಕರ್ತರ ಮೇಲೆ ಬೇಹುಗಾರಿಕೆ ನಡೆಸುತ್ತಿತ್ತು. 1977ರಲ್ಲಿ ಅದನ್ನು ಮುಚ್ಚುವಾಗ ಕಡತಗಳಿಗೆ 2027ರವರೆಗೆ ಬೀಗ ಹಾಕಿದ್ದರು. ಕೋರ್ಟಿನ ಆದೇಶದಿಂದ 1998ರಲ್ಲಿ ಲಕ್ಷಕ್ಕೂ ಹೆಚ್ಚು ಪುಟಗಳು ಹೊರಬಂದವು. ಅದಕ್ಕೂ ಮೊದಲೇ, 1989ರಲ್ಲಿ, ಸೋರಿಬಂದ ಕೆಲವು ಹಾಳೆಗಳ ಮೇಲೆ ಪತ್ರಕರ್ತ ಜೆರಿ ಮಿಚೆಲ್ ಬರೆದ ವರದಿಯಿಂದ, 1963ರಲ್ಲಿ ಕೊಲೆಯಾದ ನಾಗರಿಕ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್‌ರ ಪ್ರಕರಣ ಮತ್ತೆ ತೆರೆಯಿತು. 1994ರಲ್ಲಿ ಕೊಲೆಗಾರನಿಗೆ ಶಿಕ್ಷೆಯಾಯಿತು.

ಭಾರತದ, ಕನ್ನಡದ ನಂಟು

ಈ ಕಾಗದಗಳ ನಡುವೆ ಭಾರತದ ಕೆಲವು ಹೆಸರುಗಳೂ ಇವೆ. 1946ರಲ್ಲಿ ಅಂಬೇಡ್ಕರರು ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್‌ಗೆ ಬರೆದ ಪತ್ರ, ಜುಲೈ 31ರಂದು ಡುಬಾಯ್ಸ್ ಕೊಟ್ಟ ಉತ್ತರ ಎರಡೂ ಮಸಾಚುಸೆಟ್ಸ್ ವಿಶ್ವವಿದ್ಯಾಲಯದಲ್ಲಿವೆ. ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಗಾಗಿ ಅಂಬೇಡ್ಕರರು ಕೇಳಿದ್ದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1941ರಲ್ಲಿ ಲೂಸಿಯಾನಾದ ರೈಲಿನಲ್ಲಿ ಬಿಳಿಯರ ಡಬ್ಬಿಯಲ್ಲಿ ಕುಳಿತಿದ್ದಾಗ, ಎದ್ದು ಹೋಗುವಂತೆ ಅವರಿಗೆ ಹೇಳಲಾಯಿತು. ಅವರು ಭಾರತದವರೆಂದು ತಿಳಿದರೆ ಬಿಡಬಹುದೆಂದು ಟಿಕೆಟ್ ತಪಾಸಕ ಊರು ಯಾವುದೆಂದು ಮತ್ತೆ ಮತ್ತೆ ಕೇಳಿದ. ತಾನು ಬಣ್ಣದವಳು, ಅಷ್ಟು ಸಾಕು, ಏಳುವುದಿಲ್ಲ ಎಂದರು ಕಮಲಾದೇವಿ. ಇದು ಪಾರ್ಕ್ಸ್‌ಗಿಂತ ಹದಿನಾಲ್ಕು ವರ್ಷ ಹಿಂದಿನ ಮಾತು. ಆದರೆ ನಮಗೆ ಇದು ತಿಳಿಯುವುದು 1986ರ ಅವರ ಆತ್ಮಕಥೆಯಿಂದ. ನಲವತ್ತೈದು ವರ್ಷದ ನಂತರದ ನೆನಪನ್ನು, ಗೇಜ್ ಬರೆದ ಪಾಠಕ್ಕೆ ಹಾಕಿದ ಒರೆಗೇ ಹಾಕಿ ನೋಡಬೇಕು.

ಉಳಿದಂತೆ ಕನ್ನಡಿಗರು ಅಮೆರಿಕದಲ್ಲಿ ಎದ್ದು ಕಾಣುವಷ್ಟು ನೆಲೆಸಿದ್ದು 1965ರ ವಲಸೆ ಕಾಯ್ದೆಯ ನಂತರ. ಡಾಕ್ಟರು, ಎಂಜಿನಿಯರು, ಸಂಶೋಧಕರು ಹೋದರು. 1970ರ ದಶಕದಲ್ಲಿ ಕನ್ನಡ ಕೂಟಗಳು ಹುಟ್ಟಿದವು. ಯುಗಾದಿಯ ಆಮಂತ್ರಣ, ಸ್ಮರಣ ಸಂಚಿಕೆ, ನಾಟಕದ ಕರಪತ್ರ, ಊರಿಗೆ ಬರೆದ ನೀಲಿ ಏರೊಗ್ರಾಂ, ದನಿ ತುಂಬಿ ಕಳಿಸಿದ ಕ್ಯಾಸೆಟ್ಟು ಇವೇ ಆ ತಲೆಮಾರಿನ ಮೂಲ ಆಕರ. 2008ರಲ್ಲಿ ಆರಂಭವಾದ ದಕ್ಷಿಣ ಏಷ್ಯಾ ಅಮೆರಿಕನ್ ಡಿಜಿಟಲ್ ಪತ್ರಾಗಾರ ಇಂಥವನ್ನು ಸಂಗ್ರಹಿಸುತ್ತಿದೆ. ಕನ್ನಡದ ಸಾಮಗ್ರಿ ಬಹಳಷ್ಟು ಇನ್ನೂ ಮನೆಗಳ ನೆಲಮಾಳಿಗೆಯ ಪೆಟ್ಟಿಗೆಗಳಲ್ಲಿದೆ. ಮನೆ ಮಾರುವ ಮುನ್ನ ಅವನ್ನು ಕಸಕ್ಕೆ ಹಾಕಬೇಡಿ ಎಂದು ಓದುಗರಲ್ಲಿ ಕೇಳಿಕೊಳ್ಳುವುದು ವಿಶ್ವಕೋಶದ ಧಾಟಿಯಲ್ಲ, ಆದರೂ ಕೇಳಬೇಕಾಗಿದೆ. ಸರ್ಕಾರದ ಕಾಗದ ಸದ್ಯಕ್ಕೆ ನೆರವಿಗೆ ಬಾರದು. ಜನಗಣತಿಯಲ್ಲಿ ವ್ಯಕ್ತಿಗಳ ವಿವರವನ್ನು 72 ವರ್ಷ ಗುಟ್ಟಾಗಿಡುವ ನಿಯಮವಿದೆ. 1950ರ ಹಾಳೆಗಳು 2022ರ ಏಪ್ರಿಲ್ 1ರಂದು ತೆರೆದವು. 1965ರ ಕಾಯ್ದೆಯ ನಂತರ ಹೋದ ಕನ್ನಡಿಗರ ಹೆಸರುಗಳು ಮೊದಲು ಕಾಣಬೇಕಾದ 1970ರ ಜನಗಣತಿ ಸಾರ್ವಜನಿಕರಿಗೆ ಸಿಗುವುದು 2042ರಲ್ಲಿ.